ಹಳ್ಳದ ಅಳತೆ ಹಲಗೆಗೆ ನಾನು ಬಣ್ಣ ಬಳಿದದ್ದು

ಹಲಗೆಯ ಮೇಲೆ ಬರೆಯುವ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ತರೀಕೆರೆ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಂಬಿದ್ದೆ. ಜೀವನವೆಲ್ಲ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು ಇನ್ನೇನು ನಂಬಬೇಕು?

ನಮ್ಮೂರ ಹಿಂದಿನ ಗುಡ್ಡದಲ್ಲಿ ಒಂದು ಕಾಲಕ್ಕೆ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಈಗ ಗಣಿ ಮುಚ್ಚಿ, ಗುಂಡಿಗಳಿಗೆ ಮಣ್ಣು ತುಂಬಿ, ಗಿಡ ನೆಟ್ಟಿದ್ದಾರೆ. ದೊಡ್ಡ ಗುಂಡಿಯೊಂದು ಮಾತ್ರ ಏರಿ ಕಟ್ಟಿಸಿಕೊಂಡು ಕೆರೆಯಾಗಿದೆ. ಅಲ್ಲಿಂದ ಇಳಿದು ಬರುವ ಹಳ್ಳದಲ್ಲಿ ನೀರು ಎಷ್ಟಿದೆ, ಹೇಗಿದೆ ಎಂದು ನೋಡಿ, ಕೆರೆಯ ಉಸ್ತುವಾರಿಯ ಇಂಜಿನಿಯರ್‌ಗೆ ತಿಳಿಸುವ ಕೆಲಸ ನನ್ನದು. ಹಳ್ಳದ ನಡುವೆ ಸೆಂಟಿಮೀಟರ್ ಅಂಕಿಗಳ ಹಲಗೆಯೊಂದನ್ನು ನಿಲ್ಲಿಸಿದ್ದಾರೆ. ನೀರು ಮುಟ್ಟಿದ ಅಂಕಿಯನ್ನು ದಿನಾ ಫೋನಿನಲ್ಲಿ ಹೇಳಬೇಕು. ಕೇಳಿದಾಗ ಒಂದು ಬಾಟಲಿ ನೀರು ತುಂಬಿ ಕಳಿಸಬೇಕು. ಯಾರು ಬೇಕಾದರೂ ಮಾಡಬಹುದಾದ ಕೆಲಸ. ದುರದೃಷ್ಟವಶಾತ್ ಅದನ್ನು ನನಗೆ ಕೊಟ್ಟರು.

ಬೇಸಿಗೆ ಶುರುವಾಗುವ ಹೊತ್ತಿಗೆ ಹಲಗೆಯ ಅಂಕಿಗಳು ಮಾಸಿದವು.

"ಮತ್ತೆ ಬರೆದ್ಬಿಡಿ ಮೇಷ್ಟ್ರೇ" ಎಂದರು ಇಂಜಿನಿಯರ್.

ಹಲಗೆಯನ್ನು ಕಿತ್ತು ಮನೆಗೆ ತಂದು, ಜಗಲಿಯಲ್ಲಿ ಮಲಗಿಸಿ, ಬಿಳಿ ಬಳಿದು, ಸೊನ್ನೆಯಿಂದ ನೂರರವರೆಗೆ ಮುತ್ತು ಪೋಣಿಸಿದಂತೆ ಬರೆದೆ. ಮೇಲಿನಿಂದ ಕೆಳಕ್ಕೆ. ಬರವಣಿಗೆ ಎಂದರೆ ಹಾಗೆ ತಾನೆ!

ಹಲಗೆ ನೆಟ್ಟ ದಿನವೇ ಹಳ್ಳ ಏರಿತು. ಮೊದಲು ನಲವತ್ತಿದ್ದದ್ದು ಈಗ ಅರವತ್ತು!

"ಮಳೆ ಬಂತಾ?" ಎಂದರು ಇಂಜಿನಿಯರ್.

"ಒಂದು ಹನಿಯೂ ಇಲ್ಲ ಸಾರ್."

ಅವರು ಅಂಕಿ ಬರೆದುಕೊಂಡರು. ಮುಂದಿನ ದಿನಗಳಲ್ಲಿ ಅರವತ್ತೈದಾಯಿತು, ಎಪ್ಪತ್ತಾಯಿತು, ಎಪ್ಪತ್ತೆಂಟಾಯಿತು.

"ಗುಡ್ಡದ ಕೆರೆಯ ಏರಿ ಎಲ್ಲೋ ಸೋರ್ತಿರಬೇಕು. ಒಂದು ಬಾಟಲಿ ನೀರು ಕಳಿಸಿ" ಎಂದರು. ಕಳಿಸಿದೆ. ಅದು ನಾನು ಬ್ರಷ್ಷು ತೊಳೆದಿಟ್ಟ ಬಾಟಲಿಯೆಂದು ಆಮೇಲೆ ತಿಳಿಯಿತು. ಹಳ್ಳದ ನೀರಿನಲ್ಲಿ ಸೀಮೆಎಣ್ಣೆ ಇದೆಯೆಂದು ವರದಿ ಬಂತು!

ಈ ನಡುವೆ ನನ್ನ ಹೆಂಡತಿ ಜಯಮ್ಮ ಹಳ್ಳದಿಂದ ಬಟ್ಟೆಯ ಬುಟ್ಟಿ ಹೊತ್ತು ಬಂದು, "ರೀ, ನೀರು ಇಳ್ದೋಗೈತೆ ಕಣ್ರೀ. ಸೀರೆ ಜಾಲ್ಸಕ್ಕೂ ಸಾಲಲ್ಲ" ಎಂದಳು.

ನಿಜ ಹೇಳಬೇಕೆಂದರೆ ನನ್ನ ಕಣ್ಣಿಗೂ ಹಾಗೇ ಕಂಡಿತ್ತು. ಆದರೆ ಅಂಕಿಯ ಎದುರು ಕಣ್ಣನ್ನು ನಂಬುವವನು ನಾನಲ್ಲ. "ಕಣ್ಣಳತೆ ಬೇರೆ, ವಿಜ್ಞಾನ ಬೇರೆ" ಎಂದು ಅವಳಿಗೆ ತಿಳಿಹೇಳಿದೆ.

ಹಳ್ಳದ ದಂಡೆಯಲ್ಲೇ ಸಿದ್ದಣ್ಣನ ಮನೆ. ಏರಿ ಒಡೆದರೆ ಮೊದಲು ಕೊಚ್ಚಿಹೋಗುವುದು ಅದೇ ಎಂದು ನಾನೇ ಹೋಗಿ ಎಚ್ಚರಿಸಿದೆ. ಪಾಪ, ಅವನು ಹೆಂಡತಿ ಮಕ್ಕಳನ್ನು ಬಸ್ಸು ಹತ್ತಿಸಿ, ಎರಡು ಹಸು ಮತ್ತು ಟೀವಿಯನ್ನು ಟೆಂಪೋದಲ್ಲಿ ಹಾಕಿ, ಎಲ್ಲವನ್ನೂ ಅಜ್ಜಂಪುರದ ಭಾವನ ಮನೆಗೆ ಸಾಗಿಸಿದ.

"ಪ್ರಾಣ ಉಳಿಸ್ಬಿಟ್ರಿ ಮೇಷ್ಟ್ರೇ" ಎಂದು ಕೈ ಮುಗಿದ. ನನ್ನ ಎದೆ ಉಬ್ಬಿತು.

ಅಂಕಿ ತೊಂಬತ್ತು ಮುಟ್ಟಿದ ದಿನ ಜೀಪು ಬಂತು. ಇಂಜಿನಿಯರ್ ಜೊತೆ ಹಗ್ಗ ಹಿಡಿದ ಇಬ್ಬರು ಇಳಿದರು. ಎಲ್ಲರೂ ಹಳ್ಳದ ದಂಡೆಗೆ ಓಡಿದೆವು. ಹಳ್ಳದ ನಡುವೆ ಒಂದು ಎಮ್ಮೆ ಮಲಗಲು ಹೋಗಿ, ನೀರು ಸಾಲದೆ ಎದ್ದು ನಿಂತಿತ್ತು.

"ತೊಂಬತ್ತು ಎಲ್ರೀ?"

"ಅಲ್ಲೇ ಇದೆಯಲ್ಲ ಸಾರ್!" ಹಲಗೆಯತ್ತ ಬೆರಳು ತೋರಿಸಿದೆ.

ಇಂಜಿನಿಯರ್ ಬೂಟು ಬಿಚ್ಚದೆ ನೀರಿಗಿಳಿದು ಹಲಗೆಯನ್ನು ಬಹಳ ಹೊತ್ತು ನೋಡಿದರು. "ಮೇಷ್ಟ್ರೇ, ಸೊನ್ನೆ ಎಲ್ಲಿದೆ?"

"ಮೇಲ್ಗಡೆ ಸಾರ್."

"ಹಳ್ಳ ಪೂರ್ತಿ ಒಣಗಿದ್ರೆ ಇದು ಎಷ್ಟು ತೋರಿಸುತ್ತೆ?"

ನಾನು ಲೆಕ್ಕ ಹಾಕಿದೆ. ಹಾಕಬಾರದಿತ್ತು.

"ನೂರು" ಎಂದೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಗ್ಗದವರು ಹಗ್ಗ ಸುತ್ತಿಕೊಂಡರು. ಇಂಜಿನಿಯರ್ ಅಲ್ಲೇ ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದ ಜಯಮ್ಮನ ಹತ್ತಿರ ಹೋಗಿ, "ಅಮ್ಮಾ, ನಾಳೆಯಿಂದ ನೀವೇ ನೋಡಿ ಹೇಳ್ತೀರಾ?" ಎಂದು ಕೇಳಿದರು. ಅವಳು ನನ್ನತ್ತ ತಿರುಗಿಯೂ ನೋಡದೆ ಒಪ್ಪಿದಳು.

ದಂಡೆಯ ಮನೆಯಿಂದ ಬಂದು ನಿಂತಿದ್ದ ಸಿದ್ದಣ್ಣ ಮಾತ್ರ ಕದಲಲಿಲ್ಲ. "ನನ್ ಹಸ ಯಾರು ವಾಪಸ್ ತರೋದು ಮೇಷ್ಟ್ರೇ?"

ಮರುದಿನ ನಾನೇ ಅಜ್ಜಂಪುರಕ್ಕೆ ಹೋದೆ. ಬರುವಾಗ ಟೆಂಪೋದ ಹಿಂದೆ ಎರಡು ಹಸುಗಳ ನಡುವೆ ನಿಂತುಕೊಂಡು ಬಂದೆ. ಡ್ರೈವರ್ ಪಕ್ಕದ ಸೀಟಿನಲ್ಲಿ ಟೀವಿ ಕೂತಿತ್ತು!