ಮೀನಿನ ಸುತ್ತಳತೆ

ಭೌತಶಾಸ್ತ್ರ ಕಲಿಸುವುದರಲ್ಲಿ ಒಂದು ಸುಖವಿದೆ: ಪಾಠದ ವಸ್ತುವನ್ನು ಮುಟ್ಟಬೇಕಾಗಿಲ್ಲ. ಸೂರ್ಯ, ಸಿಡಿಲು, ಪರಮಾಣು ಎಲ್ಲವೂ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಸೌಮ್ಯವಾಗಿಯೇ ಇರುತ್ತವೆ. ಮಧುಗಿರಿಯ ಕಾಲೇಜಿನಲ್ಲಿ ಹೀಗೆ ಕೈ ಕೊಳೆಯಾಗದಂತೆ ಬಾಳಿದ ನನಗೆ ಹೋದ ವರ್ಷ ಒಂದು ಮೀನು ಗಂಟುಬಿತ್ತು.

ಕಾರಣ ನನ್ನ ಬಾಯಿ. ವಿಮಾನವೇ ಇಲ್ಲದ ಕಾಲದಲ್ಲಿ ಇಂಗ್ಲೆಂಡಿನ ಜಮೀನ್ದಾರನೊಬ್ಬ, ಗಾಳಿಯಲ್ಲಿ ಸಲೀಸಾಗಿ ನುಸುಳುವ ಆಕಾರ ಹುಡುಕುತ್ತ, ಹೊಳೆಮೀನಿನ ಸುತ್ತಳತೆಯನ್ನು ತಲೆಯಿಂದ ಬಾಲದವರೆಗೆ ಅಳೆದಿದ್ದನೆಂದು ಸ್ಟಾಫ್ ರೂಮಿನಲ್ಲಿ ಹೇಳಿದೆ. ಮುಂದೆ ದುಂಡಗೆ, ಹಿಂದಕ್ಕೆ ನೀಳವಾಗಿ ಸಣ್ಣಗಾಗುವ ಮೈಯೇ ಹಾರುವುದಕ್ಕೆ ಲಾಯಕ್ಕು ಎಂದೂ ಸೇರಿಸಿದೆ. ಪಾವಗಡದ ತೆಲುಗು ಮನೆಮಾತಿನ, ಗಣಿತದ ವೆಂಕಟೇಶಪ್ಪ ಒಪ್ಪಲಿಲ್ಲ. "ಲೇದು ಸಾರ್, ಬಾಣದಂಗೆ ಚೂಪು ಮುಂದಿರ್ಬೇಕು" ಎಂದರು. ಇಬ್ಬರೂ ಒಂದೇ ತೂಕದ ಒಂದೊಂದು ಗ್ಲೈಡರ್ ಮಾಡಿ, ವಿಜ್ಞಾನ ದಿನದಂದು ಕಾಲೇಜಿನ ಮಹಡಿಯಿಂದ ಹಾರಿಸುವುದೆಂದು ಪ್ರಿನ್ಸಿಪಾಲರ ಎದುರೇ ತೀರ್ಮಾನವಾಯಿತು. ನನ್ನದಕ್ಕೆ ಅಳತೆ ತೆಗೆಯಲು ನಿಜವಾದ ಮೀನೇ ಬೇಕಾಯಿತು.

ನಮ್ಮದು ತಲೆತಲಾಂತರದಿಂದ ಲಿಂಗಪೂಜೆಯ ಮನೆ. ಮೀನ ಎಂಬುದು ನಮ್ಮಲ್ಲಿ ರಾಶಿಯ ಹೆಸರಾಗಿ ಮಾತ್ರ ಬಳಕೆ. ಐ.ಡಿ.ಹಳ್ಳಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿರುವ ನನ್ನ ಹೆಂಡತಿ ಗಿರಿಜೆ, ಅದು ಹೊಸ್ತಿಲು ದಾಟಿದರೆ ತಾನು ಗೊರವನಹಳ್ಳಿಯ ದೇವಸ್ಥಾನಕ್ಕೆ ಹೋಗಿ ಅಲ್ಲೇ ಇದ್ದುಬಿಡುವುದಾಗಿ ಘೋಷಿಸಿದಳು.

ಶಿರಾದ ಮೀನಂಗಡಿಯಲ್ಲಿ ಒಳ್ಳೆಯ ಆಕಾರದ್ದು ಕೊಡಿ ಎಂದೆ. ಅಂಗಡಿಯವನು ನನ್ನ ಹಣೆಯ ವಿಭೂತಿಯನ್ನು ನೋಡಿ, "ಜನ ತಾಜಾ ಕೇಳ್ತಾರೆ ಸಾಬ್, ಶೇಪ್ ಕೇಳಿದ್ದು ನೀವೊಬ್ರೇ" ಎಂದ. ವಾಪಸ್ಸು ಬರುವಾಗ ತುಂಬಿದ ಬಸ್ಸಿನಲ್ಲೂ ನನ್ನ ಪಕ್ಕದ ಸೀಟು ಖಾಲಿಯಿತ್ತು.

ಹಿತ್ತಿಲ ಬಟ್ಟೆಕಲ್ಲಿನ ಮೇಲೆ ಮೀನನ್ನಿಟ್ಟು ಟೇಪು ಸುತ್ತಲು ಹೋದೆ. ಅದು ಜಾರಿತು. ಮತ್ತೆ ಹಿಡಿದೆ. ಅದರ ಕಣ್ಣು ನನ್ನನ್ನೇ ನೋಡುತ್ತಿತ್ತು. ಟೇಪು ಕೆಳಗಿಟ್ಟು ಮೆಟ್ಟಿಲ ಮೇಲೆ ಹೋಗಿ ಕೂತೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗಿರಿಜೆ ಸೆರಗು ಸಿಕ್ಕಿಸಿಕೊಂಡು ಇಳಿದು ಬಂದಳು.

"ಏಳಿ ಅತ್ಲಾಗೆ. ಆ ಯಪ್ಪನ ಮುಂದೆ ಸೋತ್ಬುಟ್ಟು ಬಂದ್ರೆ ನಿಮ್ಮ ಮೋರೆ ನೋಡ್ಬೇಕಾದೋಳು ನಾನೇ ತಾನೆ? ನಾನ್ ಹೇಳ್ತೀನಿ, ಬರ್ಕಳಿ."

ಎಡಗೈಯಲ್ಲಿ ಮೀನನ್ನು ಅದುಮಿ ಹಿಡಿದು, ಅಂಗುಲಕ್ಕೊಂದರಂತೆ ಅಳತೆ ಕೂಗಿದಳು. ತಲೆಯ ಹಿಂದೆ ಉಬ್ಬಿ, ಬಾಲದ ಕಡೆ ಮೆಲ್ಲಗೆ ಕರಗುವ ಆ ಮೈಯನ್ನು ಕಂಡು, "ಎಷ್ಟು ಚೆಂದ ಮಾಡವ್ನೆ ನೋಡಿ ದೇವ್ರು" ಎಂದಳು. ನನ್ನ ಪಾಲಿಗೆ ಬಂದದ್ದು ಸುತ್ತಳತೆಯಿಂದ ಅಗಲ ಲೆಕ್ಕ ಹಾಕುವ ಕೆಲಸ. ಮೀನು ಹಿಂದಿನ ಬೀದಿಯವರ ಸಾರಿಗೆ ಹೋಯಿತು. ಗಿರಿಜೆ ಕಲ್ಲಿಗೂ ತನಗೂ ಅರಿಶಿನದ ಸ್ನಾನ ಮಾಡಿಸಿದಳು. ಮಾರನೆಯ ದಿನ ಇಬ್ಬರೂ ಕೂತು ಥರ್ಮಾಕೋಲಿನ ಬಿಲ್ಲೆಗಳನ್ನು ಕತ್ತರಿಸಿ ಅಂಟಿಸಿ, ರೆಕ್ಕೆ ಕಟ್ಟಿದೆವು.

ವಿಜ್ಞಾನ ದಿನದಂದು ವೆಂಕಟೇಶಪ್ಪನವರ ಬಾಣ ರಭಸದಿಂದ ಹೊರಟು, ಮೂಗು ತಗ್ಗಿಸಿ, ಸೈಕಲ್ ಸ್ಟ್ಯಾಂಡಿಗೆ ಬಿತ್ತು. ನಮ್ಮ ಮೀನು ಅವಸರಪಡದೆ ಮೈದಾನ ದಾಟಿ, ಕಾಂಪೌಂಡ್ ದಾಟಿ, ಆಚೆಯ ರಾಗಿ ಹೊಲದಲ್ಲಿ ಇಳಿಯಿತು. "ಚೇಪ, ಅದೇ ನಿಮ್ಮ ಮೀನು, ಗೆದ್ದುಬಿಡ್ತು ಸಾರ್" ಎಂದು ವೆಂಕಟೇಶಪ್ಪನವರೇ ಬಂದು ಕೈ ಕುಲುಕಿದರು. ನಾನು ಮೈಕು ಹಿಡಿದು, ಅಳೆದ ಕೈ ಯಾರದೆಂದು ಎಲ್ಲರಿಗೂ ಹೇಳಿದೆ. ಮೊದಲ ಸಾಲಿನಲ್ಲಿದ್ದ ಗಿರಿಜೆ ನೆಲ ನೋಡುತ್ತಿದ್ದಳು, ಆದರೆ ಮುಖವೆಲ್ಲ ಬೆಳಗಿತ್ತು. ಅಷ್ಟು ಹೆಮ್ಮೆ ನನಗೆ ನನ್ನ ಡಿಗ್ರಿ ಬಂದಾಗಲೂ ಆಗಿರಲಿಲ್ಲ.

ಮೊನ್ನೆ ಕೊರಟಗೆರೆಯ ಸಂತೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದೆ. ಗುರುತಿಲ್ಲದ ಹೆಂಗಸೊಬ್ಬರು ನನ್ನತ್ತ ಬೆರಳು ಮಾಡಿ ಜೊತೆಯಾಕೆಗೆ, "ಇವ್ರೇ ಕಣಮ್ಮ, ಮೀನು ಮೇಡಂ ಯಜಮಾನ್ರು" ಎಂದರು. ಯಾರೂ ನನ್ನನ್ನು ಕೇಳಿರಲಿಲ್ಲ. ಆದರೂ ಅಂಗಿಯ ಕಾಲರ್ ಸರಿಮಾಡಿಕೊಂಡು, "ಹೌದು" ಎಂದೆ.