ಅಂತೂರ ಬೆಂತೂರದಲ್ಲಿ ಇರುಳರಾಯನ ಅಂತ್ಯ

ನನ್ನೊಳಗೆ ಒಬ್ಬ ಭಯಂಕರ ರಾಕ್ಷಸ ಇದ್ದಾನೆ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಗದಗಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ನಾನು ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವವನು. ‘ಗದ್ದಲ ಮಾಡಬೇಡಿ’ ಎಂಬುದನ್ನೂ ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳುವವನು. ಇಂಥವನೊಳಗೆ ರಾಕ್ಷಸ ಇದ್ದರೆ ಹೊರಗೆ ಬರುವುದಾದರೂ ಹೇಗೆ? ಅದಕ್ಕಾಗಿಯೇ ನಾನು ಪ್ರವೀಣನ ಆಟಕ್ಕೆ ಸೇರಿದ್ದು.

ಪ್ರವೀಣ ಬೆಟಗೇರಿಯ ಚಿತ್ರಕಲೆಯ ಮೇಷ್ಟ್ರು. ಅವನು ನಡೆಸುವ ಆಟಕ್ಕೆ ರಂಗವಿಲ್ಲ, ಪ್ರೇಕ್ಷಕರಿಲ್ಲ, ಬಾಯಿಪಾಠವಿಲ್ಲ. ಊರ ಹೊರಗಿನ ಬಯಲಿನಲ್ಲಿ ವೇಷ ಹಾಕಿಕೊಂಡು, ಕಲ್ಪನೆಯ ರಾಜ್ಯವೊಂದರಲ್ಲಿ ಇಡೀ ದಿನ ಬದುಕುತ್ತೇವೆ. ಸ್ಪಂಜಿನ ಕತ್ತಿಯಲ್ಲಿ ಹೊಡೆದಾಡುತ್ತೇವೆ. ಋತುವಿಗೊಂದು ಮಹಾಘಟನೆ ಇರುತ್ತದೆ. ಮಳೆಗಾಲದಲ್ಲಿ ಜಲದೇವತೆ ಮುನಿದಳು. ನಾನು ಆಟ ಶುರುವಾಗುತ್ತಿದ್ದಂತೆ ಕೊಚ್ಚಿಕೊಂಡು ಹೋದ ಹಳ್ಳಿಗನಾಗಿದ್ದೆ. ಬೇಸಿಗೆಯಲ್ಲಿ ಬೆಂಕಿಹಕ್ಕಿಯ ಬೇಟೆ. ಆಗ ನಾನು ಸುಟ್ಟ ಮರ.

ಹೀಗಿರುವಾಗ ವಾಟ್ಸಾಪಿನಲ್ಲಿ ಪ್ರಕಟಣೆ ಬಂತು. ‘ಚಳಿಗಾಲದ ಘಟನೆ: ಮಂಜಿನಕೋಟೆಯ ಮುತ್ತಿಗೆ. ದಿನ: ಅಮಾವಾಸ್ಯೆ. ಆಟಗಾರರಿಗೆ ಅವಕಾಶಗಳು: ಗೂಢಚಾರ, ಸಂಧಾನಕಾರ, ಕೋಟೆಯ ಅಡುಗೆಯವ ಮತ್ತು ಇರುಳರಾಯ.’ ಇರುಳರಾಯ ಎಂದರೆ ಕತ್ತಲಿನ ದೊರೆ, ಮುತ್ತಿಗೆ ಹಾಕುವ ರಾಕ್ಷಸ. ಆ ಪಾತ್ರ ಕೂಡಲೇ ಮುಂಡರಗಿಯ ಹುಡುಗನೊಬ್ಬನಿಗೆ ನಿಕ್ಕಿಯಾಯಿತು. ಆದರೆ ಅಮಾವಾಸ್ಯೆಯ ದಿನ ರಾಕ್ಷಸನಾಗುವುದು ಬೇಡ ಎಂದು ಅವನ ತಾಯಿ ತಡೆದುಬಿಟ್ಟಳು. ನಾನು ಪ್ರವೀಣನ ಮನೆಗೇ ಓಡಿದೆ.

“ಆತು ಸರ್, ನೀವ ಆಗ್ರಿ,” ಎಂದ ಪ್ರವೀಣ. “ಆದ್ರ ಇದೊಂದು ಸರಿ ಮಾಡ್ರಿ. ಇದೂ ಕೆಟ್ಟರ ಮುಂದ ನಿಮಗ ಪಾತ್ರ ಕೊಡಾಕ ನನಗ ಮುಖ ಇರಂಗಿಲ್ಲ.”

ಆಮೇಲೆ ನಿಯಮ ಹೇಳಿದ. ಸೂರ್ಯ ಮುಳುಗುವುದರೊಳಗೆ ಕೋಟೆಯ ಬಾವುಟ ಕಿತ್ತರೆ ಗೆಲುವು ಇರುಳರಾಯನದು. ಆದರೆ ಅದನ್ನು ಪ್ರವೀಣ ಕಣ್ಣಾರೆ ನೋಡಿರಬೇಕು. ಇನ್ನು, ಇರುಳರಾಯ ಮನುಷ್ಯರ ಅನ್ನ ಮುಟ್ಟುವಂತಿಲ್ಲ. ಮುಟ್ಟಿದರೆ ಅಲ್ಲೇ ಸಾವು.

“ಜಾಗಾ ಒಂದು ಸಿಗವಲ್ದು,” ಎಂದ.

“ಅಂತೂರ ಬೆಂತೂರದಾಗ ನಮ್ಮ ಮಾವನವರ ಹೊಲ ಐತಲ್ಲ,” ಎಂದೆ. “ಬಾವಿ ಕಡೆ ಬಯಲೈತಿ, ಕಣಿಕಿ ಬಣವಿ ಐತಿ. ಬಣವಿನ ಕೋಟೆ ಮಾಡೂಣು. ಆವತ್ತ ಅಲ್ಲಿ ಒಂದು ನರಪಿಳ್ಳಿ ಇರಂಗಿಲ್ಲ.”

ಆ ಅಮಾವಾಸ್ಯೆ ಎಳ್ಳಮಾವಾಸ್ಯೆ! ನಮ್ಮ ಸೀಮೆಯಲ್ಲಿ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಅಡುಗೆಯ ಚರಗವನ್ನು ಬೆಳೆಯ ಮೇಲೆ ಚೆಲ್ಲಿ, ಅಲ್ಲೇ ಕೂತು ಉಣ್ಣುವ ದಿನ. ಇದು ನನಗೆ ತಿಳಿಯದ ಸಂಗತಿಯಲ್ಲ. ನನ್ನ ಹೆಂಡತಿ ಗಿರಿಜಾಳ ತವರು ಹಿರೇಹಂದಿಗೋಳ. ಅಲ್ಲೊಂದು ಹೊಲ, ಅಂತೂರ ಬೆಂತೂರದಲ್ಲೊಂದು ಹೊಲ. ಚರಗ ಹಿರೇಹಂದಿಗೋಳದಲ್ಲೇ ಎಂದು ನಾನು ತಿಳಿದಿದ್ದೆ. ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ, ಈ ಸಲ ಅಂತೂರ ಬೆಂತೂರದ ಸರದಿ ಎಂದು ಗಿರಿಜಾ ಹೇಳಿದ್ದಳಂತೆ. ನಾನು ಆಗ ಕನ್ನಡಿಯ ಮುಂದೆ ರಾಕ್ಷಸನ ನಗೆ ಅಭ್ಯಾಸ ಮಾಡುತ್ತಿದ್ದೆ.

ಹಿಂದಿನ ದಿನವೇ ಅವಳು ಅಡುಗೆಗೆಂದು ತವರಿಗೆ ಹೊರಟಳು. “ನೀವೂ ಬರ್ರಿ,” ಎಂದಳು.

“ಕಾಲೇಜಿನ ಕೆಲಸ ಐತಿ,” ಎಂದೆ, ಗಂಭೀರವಾಗಿ.

ಅವಳು ಹೋದ ಮೇಲೆ ವೇಷಭೂಷಣದ ಪ್ರಶ್ನೆ ಎದ್ದಿತು. ಕತ್ತಲಿನ ದೊರೆಗೆ ಕಪ್ಪು ನಿಲುವಂಗಿ ಬೇಕು. ನಮ್ಮ ಮನೆಯಲ್ಲಿ ಕಪ್ಪಗಿರುವ ಬಟ್ಟೆ ಎರಡೇ. ಒಂದು ನನ್ನ ಕೊಡೆ. ಇನ್ನೊಂದು ಗಿರಿಜಾಳ ಚಂದ್ರಕಾಳಿ ಸೀರೆ, ಅವಳ ಸೀಮಂತದಲ್ಲಿ ತವರಿನವರು ಉಡಿಸಿದ್ದು. ಕಲೆಗಾಗಿ ತ್ಯಾಗ ಅನಿವಾರ್ಯ ಎಂದು ನಿರ್ಧರಿಸಿ ಟ್ರಂಕು ತೆರೆದೆ.

ಮರುದಿನ ಬೆಳಿಗ್ಗೆ ಹೊಲದಲ್ಲಿ ಎಲ್ಲವೂ ದಿವ್ಯವಾಗಿತ್ತು. ಬಣವೆಯ ನೆತ್ತಿಯಲ್ಲಿ ಬಿಳಿ ಬಾವುಟ. ಅದರ ಸುತ್ತ ಕೋಟೆಯ ಸೈನ್ಯ. ಈ ಕಡೆ ನಾನು, ನನ್ನ ಹಿಂದೆ ನನ್ನ ಸೈನ್ಯ. ಮುಖಕ್ಕೆ ಕಾಡಿಗೆ, ತಲೆಗೆ ರಟ್ಟಿನ ಕೋಡು, ಹೆಗಲಿಗೆ ಚಂದ್ರಕಾಳಿ. ಪಾತ್ರದೊಳಗೆ ಪೂರ್ತಿ ಇಳಿಯಬೇಕೆಂದು ಬೆಳಗಿನಿಂದ ಚಹಾ ಕೂಡ ಕುಡಿದಿರಲಿಲ್ಲ. ಪ್ರವೀಣ ಸೀಟಿ ಊದಿದ. ನಾನು ಕತ್ತಿ ಎತ್ತಿ ಗರ್ಜಿಸಿದೆ. ನಿಜವಾಗಿ ಗರ್ಜಿಸಿದೆ! ಬಾವಿಯ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಜೀವನದಲ್ಲಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಅಷ್ಟರಲ್ಲಿ ಟ್ರ್ಯಾಕ್ಟರ್ ಬಂತು.

ಟ್ರೇಲರಿನ ತುಂಬ ನನ್ನ ಹೆಂಡತಿಯ ತವರು. ಮುಂದೆ ಅವಳ ಸೋದರತ್ತೆ ನೀಲವ್ವ ರೊಟ್ಟಿಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಣ್ಣು ಸ್ವಲ್ಪ ಮಂದ, ಮನಸ್ಸು ಬಹಳ ದೊಡ್ಡದು. ನಮ್ಮ ಸೈನ್ಯಗಳನ್ನು ನೋಡಿ ಅವಳಿಗೆ ಹೆದರಿಕೆಯಾಗಲಿಲ್ಲ, ಕನಿಕರವಾಯಿತು.

“ಹಗಲವ್ಯಾಸದವರು ಬಂದಾರ ನೋಡ್ರಿ,” ಎಂದಳು, ನಮ್ಮನ್ನು ಊರೂರು ತಿರುಗುವ ಹಗಲುವೇಷದವರೆಂದು ತಿಳಿದು. “ಪಾಪ, ಬಿಸಲಾಗ ಕುಣದು ಹಸದಿರ್ತಾರ. ಎಲ್ಲಾರಿಗೂ ಎಲಿ ಹಾಕ್ರಿ.”

ನಾನು ಕೋಡು ತಗ್ಗಿಸಿ ನಿಂತೆ. ಗಿರಿಜಾ ಕೆಳಗಿಳಿದು ನೇರ ನನ್ನ ಹತ್ತಿರ ಬಂದಳು. ನನ್ನ ಮುಖವನ್ನು ನೋಡಲೇ ಇಲ್ಲ. ಹೆಗಲಿನ ಬಟ್ಟೆಯ ಅಂಚನ್ನು ಹಿಡಿದು, ತಿರುಗಿಸಿ, ಬೆಳಕಿಗೆ ಒಡ್ಡಿ ನೋಡಿದಳು.

“ಇದು ನನ್ನ ಸೀರಿ,” ಎಂದಳು. ಆಮೇಲೆ ಒಳಗೆ ಯಾರಿದ್ದಾರೆಂದು ನೋಡಿದಳು. “ಕಾಲೇಜಿನ ಕೆಲಸ ಮುಗೀತೇನ್ರಿ?”

ಪಾತ್ರ ಬಿಟ್ಟರೆ ಪ್ರವೀಣನ ಕೋಪ, ಬಿಡದಿದ್ದರೆ ಹೆಂಡತಿಯ ಕೋಪ. ಅತ್ತ ದರಿ, ಇತ್ತ ಪುಲಿ. ನಾನು ಪುಲಿಯ ಎದುರೇ ನಿಂತು ದೊಡ್ಡ ದನಿಯಲ್ಲಿ ಹೇಳಿದೆ: “ಎಲೈ ಮಾನವಿ, ಇರುಳರಾಯನ ದಾರಿಗೆ ಅಡ್ಡ ಬರಬೇಡ!”

“ಇರುಳರಾಯಗ ಮನೀಗಿ ಹೋದಮ್ಯಾಲೆ ಐತಿ,” ಎಂದಳು ಮಾನವಿ.

ಅವಳು ಸೈನ್ಯಗಳ ಕಡೆ ತಿರುಗಿದಳು. “ಏ, ಕತ್ತಿ ಹಿಡಕೊಂಡು ಏನ ನಿಂತೀರಿ? ಮೊದಲ ಚರಗ ಚೆಲ್ಲೂಣು ಬರ್ರಿ. ಕಡ್ಲಿ ಬೆಳಿ ತುಳದೀರಿ, ನೋಡ್ರಿ ಮತ್ತ. ಬದುವಿನ ಗುಂಟ ಸಾಲಾಗಿ ನಡೀರಿ.”

ನನ್ನ ಆಜ್ಞೆಗೆ ಬೆಳಗಿನಿಂದ ಒಂದು ಹೆಜ್ಜೆಯೂ ಸರಿಯಾಗಿ ಇಡದಿದ್ದ ಸೈನಿಕರು ಕೂಡಲೇ ಸಾಲಾದರು. ಕೋಟೆಯವರೂ ಬಣವೆಯಿಂದ ಜಾರಿ ಇಳಿದರು. ಗಿರಿಜಾ ಮುಂದೆ ಚರಗದ ಬುಟ್ಟಿ ಹಿಡಿದು ನಡೆದರೆ, ಹಿಂದೆ ಎರಡು ವೈರಿ ಪಡೆಗಳು ಕತ್ತಿ ಎತ್ತಿಕೊಂಡು “ಹುಲ್ಲುಲ್ಲಿಗೋ, ಚಲ್ಲಾಂಬರಿಗೋ” ಎಂದು ಚರಗದ ಕೂಗು ಹಾಕುತ್ತ ಹೊರಟವು. ಪ್ರವೀಣ ಸೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ಅವರ ಹಿಂದೆಯೇ ಹೋದ.

ನಾನೊಬ್ಬನೇ ಉಳಿದೆ. ಆಗ ಹೊಳೆಯಿತು. ಕೋಟೆ ಖಾಲಿ!

ಓಡಿದೆ. ಬಣವೆ ಹತ್ತಿದೆ. ಎರಡು ಸಲ ಜಾರಿದೆ, ಒಂದು ಕೋಡು ಮುರಿಯಿತು. ಆದರೂ ನೆತ್ತಿಗೆ ಹೋಗಿ ಬಾವುಟ ಕಿತ್ತು, “ಮಂಜಿನಕೋಟೆ ನನ್ನದು!” ಎಂದು ಕೂಗಿದೆ. ಪಕ್ಕದ ಹೊಲದವರು ಕೆಳಗೆ ಕಟ್ಟಿದ್ದ ಎತ್ತು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿತು. ನೋಡಬೇಕಾದ ಪ್ರವೀಣ ಹೊಲದ ಆ ತುದಿಯಲ್ಲಿ ಚರಗ ಚೆಲ್ಲುತ್ತಿದ್ದ. ಇತಿಹಾಸದಲ್ಲಿ ಒಂದು ಎತ್ತಿನ ಸಾಕ್ಷಿಯ ಮೇಲೆ ಕೋಟೆ ಗೆದ್ದವನು ನಾನೊಬ್ಬನೇ ಇರಬೇಕು.

ಬಾವುಟವನ್ನು ಮತ್ತೆ ಅಲ್ಲೇ ಚುಚ್ಚಿ, ಪ್ರವೀಣ ಬಂದ ಮೇಲೆ ಕೀಳೋಣವೆಂದು ಕಾಯುತ್ತ ಕೂತೆ. ಅವರೆಲ್ಲ ಬಂದರು. ಬಂದವರು ಬಣವೆಯ ಕಡೆ ನೋಡಲಿಲ್ಲ. ಕೈ ತೊಳೆದುಕೊಂಡು ಗಿರಿಜಾ ತೋರಿಸಿದಲ್ಲಿ ಕೂತರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಕಂಪು ಕೋಟೆಯ ನೆತ್ತಿಗೂ ಏರಿ ಬಂತು. ರಾಕ್ಷಸನ ಹೊಟ್ಟೆ ಗರ್ಜಿಸಿತು.

“ಪ್ರವೀಣ, ಇಲ್ಲೆ ನೋಡು!” ಎಂದು ಕೂಗಿದೆ.

“ಕೆಳಗ ಬರ್ರಿ ಸರ್, ಉಂಡು ನೋಡೂಣಂತ,” ಎಂದ ಅವನು, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು.

ಅವನಿಗೆ ನಿಯಮ ನೆನಪಿಸಲೆಂದೇ ಕೆಳಗಿಳಿದೆ. ಅಲ್ಲಿಯೇ ತಪ್ಪಿದ್ದು. ನೀಲವ್ವತ್ತೆ ತಟ್ಟೆ ಹಿಡಿದು ಎದುರಿಗೆ ನಿಂತಿದ್ದಳು. ಅಷ್ಟರಲ್ಲಿ ಅವಳಿಗೆ ಯಾರೋ ಖಬರು ಕೊಟ್ಟಿದ್ದರು.

“ಅಳಿಯಂದ್ರ, ನೀವಂತ? ನನಗ ಗೊತ್ತ ಆಗಲಿಲ್ಲ ನೋಡ್ರಿ. ಉಣ್ರಿ.”

“ಇರುಳರಾಯ ಮನುಷ್ಯರ ಅನ್ನ ಮುಟ್ಟುವುದಿಲ್ಲ,” ಎಂದೆ.

ಅವಳ ಮುಖ ಸಣ್ಣದಾಯಿತು. “ಎಳ್ಳಮಾಸಿ ದಿನ ಭೂಮ್ತಾಯಿ ಪ್ರಸಾದ ಒಲ್ಲೆ ಅಂತಾರೇನ್ರಿ? ನಾವೇನರ ತಪ್ಪ ಮಾಡೇವೇನು?”

“ಹಂಗಲ್ಲ ಅತ್ತಿ,” ಎನ್ನಲು ಬಾಯಿ ತೆರೆದೆ. ‘ಹಂ’ ಎಂಬಲ್ಲಿಗೆ ಅರ್ಧ ಹೋಳಿಗೆ ಒಳಗೆ ಹೋಗಿತ್ತು.

ಪ್ರವೀಣ ಈಗ ನೋಡಿದ! ಇಡೀ ದಿನದಲ್ಲಿ ನನ್ನನ್ನು ನೋಡಿದ್ದು ಆಗಲೇ. ಎಡಗೈಯಿಂದ ಸೀಟಿ ತೆಗೆದು ಊದಿದ. “ಇರುಳರಾಯ ಸತ್ತ. ಕೋಟೆಗೆ ಜಯ.”

“ಇನ್ನೂ ನುಂಗಿಲ್ಲ,” ಎಂದೆ, ಹೋಳಿಗೆಯ ಸುತ್ತಲಿಂದ.

“ನುಂಗ್ರಿ ಸರ್. ಹಿಂದ ಎಣ್ಣಿಗಾಯಿ ಬರಾಕತ್ತೈತಿ.”

ನುಂಗಿದೆ. ಸುಳ್ಳು ಹೇಳುವುದಿಲ್ಲ, ಬಹಳ ರುಚಿಯಾಗಿತ್ತು. ಇನ್ನೊಂದು ಬೇಡಿದೆ. ಸತ್ತವರು ಸೂರ್ಯ ಮುಳುಗುವವರೆಗೆ ಮಲಗಿರಬೇಕು ಎಂದು ನನ್ನದೇ ಸೈನಿಕನೊಬ್ಬ ನಿಯಮ ಎತ್ತಿದ. ಹೀಗಾಗಿ ನಾನು ಚಂದ್ರಕಾಳಿ ಹೊದ್ದು ಮಲಗಿದೆ. ನೀಲವ್ವತ್ತೆ ಹಾದುಹೋಗುವಾಗಲೆಲ್ಲ ಹೆಣದ ಬಾಯಿಗೆ ಒಂದೊಂದು ತುತ್ತು ಹಾಕಿದಳು.

ಸೀರೆಗೆ ಅಂಟಿದ ಕಾಡಿಗೆಯನ್ನು ನಾನೇ ಒಗೆದು ತೆಗೆದೆ. ಅದರ ವಿವರ ಇಲ್ಲಿ ಬೇಡ. ಇಷ್ಟೆಲ್ಲ ಆದ ಮೇಲೂ ನನ್ನ ಆಸೆ ಸಾಯಲಿಲ್ಲ. ಬಾವುಟ ಕಿತ್ತಿದ್ದಂತೂ ಖರೆ ತಾನೇ? ಪ್ರವೀಣ ಅದನ್ನು ಪರಿಗಣಿಸಿಯಾನು ಎಂದು ಮುಂದಿನ ಪ್ರಕಟಣೆಗಾಗಿ ಕಾದೆ.

ಅದು ಮೊದಲು ಬಂದದ್ದು ಗಿರಿಜಾಳ ಮೊಬೈಲಿಗೆ. ‘ವಸಂತದ ಘಟನೆ: ಮಹಾರಾಣಿಯ ದಂಡಯಾತ್ರೆ. ಮಹಾರಾಣಿ: ಗಿರಿಜಕ್ಕ.’ ಎರಡೂ ಸೈನ್ಯಗಳು ಒಕ್ಕೊರಲಿನಿಂದ ಕೇಳಿಕೊಂಡವಂತೆ. ಅವಳು ಆಗಲೇ ಒಪ್ಪಿ, ಕತ್ತಿಯನ್ನೂ ತರಿಸಿಕೊಂಡಿದ್ದಳು.

“ನನ್ನ ಹೆಸರು ಎಲ್ಲೆ ಐತಿ?” ಎಂದೆ.

“ಕೆಳಗ ಐತಿ ನೋಡ್ರಿ. ನನ್ನ ಕುದರಿ.”

ಕುದುರೆಗೆ ಇಬ್ಬರು ಬೇಕು. ಮುಂಗಾಲಿಗೊಬ್ಬ, ಹಿಂಗಾಲಿಗೊಬ್ಬ, ಮೇಲೊಂದು ಬಟ್ಟೆ. ಯಾರು ಎಲ್ಲಿ ಎಂಬುದನ್ನು ಮಹಾರಾಣಿಯೇ ತೀರ್ಮಾನಿಸಬೇಕೆಂದು ಪ್ರವೀಣ ಬರೆದಿದ್ದ. ಮುಂಗಾಲಿಗೆ ಮುಖ ಇದೆ, ಕೆನೆಯುವ ಅವಕಾಶವೂ ಇದೆ. ನಾನು ಲಟ್ಟಣಿಗೆ ಹಿಡಿದಿದ್ದ ಅವಳ ಮುಂದೆ ನಿಂತು ವಿನಯದಿಂದ ಬೇಡಿಕೆ ಸಲ್ಲಿಸಿದೆ.

“ಎಲ್ಲಿ, ಒಮ್ಮಿ ಕೆನದು ತೋರಸ್ರಿ,” ಎಂದಳು.

ಅಡುಗೆಮನೆಯಲ್ಲೇ, ಕತ್ತು ಎತ್ತಿ, ಪೂರ್ತಿ ಮನಸ್ಸಿಟ್ಟು ಕೆನೆದೆ.

ಅವಳು ಲಟ್ಟಣಿಗೆ ಕೆಳಗಿಟ್ಟಳು.

“ಹಿಂಗಾಲ ಆಗ್ರಿ,” ಎಂದಳು.