ತಣ್ಣಗಿನ ಬೀಡಿ, ಬೆಚ್ಚಗಿನ ಬೀರು

ನಂಜನಗೂಡು ತಾಲ್ಲೂಕಿನಲ್ಲಿ ನಮ್ಮ ಸೋದರಮಾವನಷ್ಟು ಕಟ್ಟುನಿಟ್ಟಾಗಿ ಕಾನೂನು ಪಾಲಿಸುವ ಇನ್ನೊಬ್ಬ ಮನುಷ್ಯನಿಲ್ಲ ಎಂದರೆ ನೀವು ನಂಬಲೇಬೇಕು. ವಕೀಲರೇ, ಪೊಲೀಸರೇ ಎಂದು ಕೇಳಬೇಡಿ. ಅವರು ತಾಂಡ್ಯದ ಫ್ಯಾಕ್ಟರಿಗಳ ಕಡೆ ಹೋಗುವ ರಸ್ತೆಯಲ್ಲಿ ಬಾರ್ ಅಂಡ್ ರೆಸ್ಟೋರೆಂಟ್ ನಡೆಸುತ್ತಾರೆ!

ಮೊದಲು ಹೀಗಿರಲಿಲ್ಲ. ‘ಧೂಮಪಾನ ನಿಷೇಧಿಸಿದೆ’ ಎಂಬ ಬೋರ್ಡನ್ನು ಗೋಡೆಗೆ ಹೊಡೆಸಿದ್ದೇನೋ ನಿಜ. ಆದರೆ ಅದರ ಕೆಳಗೇ ಕುಳಿತು ದಿನಕ್ಕೆ ಎರಡು ಪ್ಯಾಕು ಸೇದುತ್ತಿದ್ದರು. ಅಧಿಕಾರಿಗಳು ಬರುವ ಸುದ್ದಿ ಸಿಕ್ಕರೆ ಹತ್ತು ಊದುಬತ್ತಿ ಒಟ್ಟಿಗೆ ಹಚ್ಚಿ ವಾಸನೆ ಮುಚ್ಚುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದವರೊಬ್ಬರು ಅಭ್ಯಾಸಬಲದಿಂದ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದುಬಿಟ್ಟರು!

ಆ ಹೊಗೆಯ ಹಿಂದಿನ ಅಡುಗೆಮನೆಯಲ್ಲಿ ಹದಿನೆಂಟು ವರ್ಷ ನಮ್ಮ ಅತ್ತೆ ಇದ್ದರು. ಅವರ ನಾಟಿಕೋಳಿ ಸಾರಿಗಾಗಿ ಟಿ. ನರಸೀಪುರದಿಂದ ಬಸ್ಸು ಹತ್ತಿ ಬರುವವರಿದ್ದರು. ನಾನೂ ಅವರಲ್ಲೊಬ್ಬ. ಒಂದು ಶನಿವಾರ ಮಧ್ಯಾಹ್ನ ನನ್ನ ಮುಂದೆ ಬಟ್ಟಲಿಟ್ಟ ಅತ್ತೆ, ಮೇಜಿನ ಅಂಚು ಹಿಡಿದು ಹಾಗೆಯೇ ನಿಂತುಬಿಟ್ಟರು. ಬಾಯಿ ತೆರೆದಿತ್ತು. ಉಸಿರು ಒಳಗೆ ಹೋಗುತ್ತಿರಲಿಲ್ಲ. ತುಟಿ ಕಪ್ಪಿಟ್ಟಿತು. ಅವರ ಭಾರಕ್ಕೆ ಮೇಜು ಅಲುಗಿ, ಸಾರಿನ ಮೇಲಿನ ಎಣ್ಣೆ ತುಂಡು ತುಂಡಾಗಿ ಒಡೆಯಿತು. ನಾನು ಅದನ್ನೇ ನೋಡುತ್ತಾ ಕುಳಿತಿದ್ದೆ. ಎದ್ದು ಹಿಡಿದುಕೊಳ್ಳಬೇಕೆಂದು ಹೊಳೆಯಲು ಎಷ್ಟು ಹೊತ್ತಾಯಿತೋ, ಅದನ್ನು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ.

ಮೈಸೂರಿನ ಡಾಕ್ಟರು, "ನಿಮ್ಮ ಸುತ್ತಮುತ್ತ ಯಾರು ಸೇದ್ತಾರೆ?" ಎಂದು ಕೇಳಿದರಂತೆ. "ಯಾರ್ ಸೇದಾಕಿಲ್ಲ ಅಂತ ಕೇಳಿ ಸಾ, ಜಲ್ದಿ ಯೋಳ್ಬೋದು" ಎಂದರಂತೆ ಅತ್ತೆ. ಚೇತರಿಸಿಕೊಂಡ ಮೇಲೆ ಹೆಮ್ಮರಗಾಲದ ತಂಗಿಯ ಮನೆ ಸೇರಿದರು. ಮಾವನಿಗೆ ಹೇಳಿದ್ದು ಒಂದೇ ಮಾತು: "ನಿಮ್ ಓಟ್ಲಲ್ಲಿ ಒಗೆ ನಿಂತ್ ದಿನ ಬತ್ತೀನಿ."

ಅಲ್ಲಿಂದ ಮಾವನ ಅವತಾರವೇ ಬದಲಾಯಿತು. ದೇವಸ್ಥಾನದ ಮುಂದೆ ಚಪ್ಪಲಿಗೆ ಟೋಕನ್ ಕೊಡುತ್ತಾರಲ್ಲ, ಹಾಗೆ ಗಿರಾಕಿಗಳ ಬೀಡಿ, ಸಿಗರೇಟು, ಬೆಂಕಿಪೊಟ್ಟಣಗಳನ್ನೆಲ್ಲ ಬಾಗಿಲಲ್ಲೇ ಇಸಿದುಕೊಂಡು ತಗಡಿನ ಬಿಲ್ಲೆ ಕೊಡತೊಡಗಿದರು. ಮೊದಲು ಒಪ್ಪಿಸಿದ್ದು ತಮ್ಮದೇ ಪ್ಯಾಕು, ಮೊದಲನೇ ಬಿಲ್ಲೆ ಸ್ವಂತ ಜೇಬಿಗೆ! ವಶಪಡಿಸಿಕೊಂಡ ಮಾಲನ್ನು ಯಾರೂ ಕದಿಯಬಾರದೆಂದು, ಬೀಗ ಇದ್ದ ಒಂದೇ ಒಂದು ಪೆಟ್ಟಿಗೆಯಲ್ಲಿ ಇಟ್ಟರು. ಯಾವುದು ಹೇಳಿ? ಫ್ರಿಜ್ಜು! ಜಾಗ ಸಾಲದೆ ಬಾಟಲಿಗಳು ಹೊರಗೆ ಬಂದವು. ಕವಲಂದೆಯ ಗಿರಾಕಿಯೊಬ್ಬ ಬಿಲ್ಲೆ ಕೊಟ್ಟು ವಾಪಸ್ ಪಡೆದ ಒದ್ದೆ ಕಡ್ಡಿಯನ್ನು ಬಾಗಿಲಲ್ಲಿ ಆರು ಸಲ ಗೀರಿ ಸೋತು ಕೂಗಿದ:

"ಅಣ್ಣೋ, ಬೀಡಿ ತಣ್ಗದೆ, ಬೀರು ಬೆಚ್ಗದೆ! ಇದ್ಯಾವ ಸೀಮೆ ಬಾರು?"

"ಕಾನೂನಿನ್ ಬಾರು ಕಣ್ಲಾ. ಕುಡ್ದು ಓಗು."

ಆಮೇಲೆ ಹೊಸ್ತಿಲಿನಾಚೆ ಸುಣ್ಣದಲ್ಲಿ ಗೆರೆ ಎಳೆದರು. ಸೇದುವವರು ಅದರಾಚೆ. ಶಿಫ್ಟು ಮುಗಿಸಿ ಬಂದ ಫ್ಯಾಕ್ಟರಿಯ ಫಿಟ್ಟರೊಬ್ಬ ತಲೆಯನ್ನು ಆಚೆ ಚಾಚಿ, ಒಂದು ಕಾಲನ್ನು ಒಳಗೇ ಬಿಟ್ಟು ಸೇದುತ್ತಿದ್ದ.

"ಲೇ, ಕಾಲು ಒಳ್ಗದೆ!"

"ಕಾಲೇನ್ ಬೀಡಿ ಸೇದ್ತದಾ ಸಾ?"

ಮಾವ ಗೆರೆ ನೋಡಿದರು, ಕಾಲು ನೋಡಿದರು. ಮರುದಿನ ನೋಡಿದರೆ ಗೆರೆ ಮೂರಡಿ ಮುಂದೆ ಹೋಗಿತ್ತು! ಹೀಗೆ ದಿನಕ್ಕೊಂದು ತಕರಾರಿಗೆ ಮೂರಡಿ ಸರಿದು ಸರಿದು ಅದು ಕೊನೆಗೆ ರಸ್ತೆಯಾಚೆಯ ಎದುರು ಬಾರಿನ ಬಾಗಿಲು ಮುಟ್ಟಿತು. ಗಿರಾಕಿಗಳು ಸೇದಲು ಅಲ್ಲಿಗೆ ಹೋದರು, ಕುಡಿಯಲು ಅಲ್ಲೇ ಉಳಿದರು.

ಅಂಗಡಿ ಬಣಗುಟ್ಟತೊಡಗಿತು. ಬದಲಿ ಅಡುಗೆಯವನ ಸಾರಿನಲ್ಲಿ ಕೋಳಿ ಒಂದು ದಿಕ್ಕು, ಖಾರ ಒಂದು ದಿಕ್ಕು. "ಅಕ್ಕನ್ ಸಾರೂ ಇಲ್ಲ, ಬೀಡಿನೂ ಇಲ್ಲ. ಇನ್ಯಾತಕ್ ಬರಾನ ಯೋಳಿ" ಎಂದು ಹಳೆಯ ಗಿರಾಕಿಗಳು ಮುಖಕ್ಕೇ ಅಂದರು. ನಾನೂ ಬುದ್ಧಿವಂತಿಕೆ ತೋರಿಸಿದೆ: "ಮಾವ, ಎದುರಿನವ್ರು ಕಿಟಕಿ ಮುಚ್ಚಿ ಒಳಗೇ ಸೇದೋಕೆ ಬಿಡ್ತಾರಂತೆ."

"ಬುಡ್ಲಿ. ಅವ್ನ್ ಎಂಡ್ತಿ ಅಡ್ಗೆ ಮನೇಲಿಲ್ಲ" ಎಂದರು.

ಒಂದು ಭಾನುವಾರ ಮಧ್ಯಾಹ್ನ ಹೇಳದೆ ಕೇಳದೆ ಅತ್ತೆ ಆಟೋದಿಂದ ಇಳಿದರು. ಒಳಗಿದ್ದದ್ದು ನಾಲ್ಕೇ ಜನ. ಅತ್ತೆ ಬಂದವರೇ ಪರದೆ ಮೂಸಿದರು, ಮೇಜಿನ ಬಟ್ಟೆ ಮೂಸಿದರು, ಸುಮ್ಮನೆ ಉಣ್ಣುತ್ತಿದ್ದ ಒಬ್ಬನ ಅಂಗಿಯನ್ನೂ ಮೂಸಿದರು! ಆಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಮಾವನ ಮುಂದೆ ಬಂದು ನಿಂತರು.

"ಬಾಯ್ ತಗೀರಿ."

"ಜನ ಅವ್ರೆ ಕಣಮ್ಮಿ..."

"ಜನಕ್ಕಲ್ಲ, ನಂಗ್ ತಗೀರಿ."

ಅರವತ್ತು ದಾಟಿದ ಮಾವ ಬಾಯಿ ತೆರೆದರು. ಅತ್ತೆ ಮುಖ ಹತ್ತಿರ ತಂದು ಮೂಸಿದರು. ಇನ್ನೊಮ್ಮೆ ಮೂಸಿದರು.

"ಬುಟ್ಟು ಎಷ್ಟ್ ದಿನ ಆಯ್ತು?"

"ನೀನ್ ಓಗಿ ಎಷ್ಟ್ ದಿನ ಆಯ್ತೋ ಅಷ್ಟ್ ದಿನ."

"ಯಾಕ್ ಯೋಳಿ ಕಳುಸ್ನಿಲ್ಲ?"

"ಯೋಳಿದ್ರೆ ನಂಬ್ತಿದ್ಯಾ?"

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಯ ಕಡೆ ನಡೆದರು. ನಾಲ್ಕು ಹೆಜ್ಜೆ. ಐದನೆಯದಕ್ಕೆ ಗೋಡೆ ಹಿಡಿದು ನಿಂತರು. ಎದೆ ಏರಿ ಇಳಿಯುತ್ತಿತ್ತು. ಈ ಸಲ ನಾನು ತಕ್ಷಣ ಎದ್ದೆ. ಮಾವ ಅಷ್ಟರಲ್ಲಿ ಹೋಗಿ ಪಕ್ಕದಲ್ಲಿ ನಿಂತಿದ್ದರು. ಅತ್ತೆಯನ್ನು ಮುಟ್ಟಲಿಲ್ಲ. ಹತ್ತಿರದಲ್ಲಿದ್ದ ನನಗೆ ಮಾತ್ರ ಅದು ಕಾಣಿಸಿತು: ಅತ್ತೆಯ ಉಸಿರು ಹದಕ್ಕೆ ಬರುವವರೆಗೂ ಮಾವ ತಮ್ಮ ಉಸಿರನ್ನು ಬಿಗಿಹಿಡಿದೇ ನಿಂತಿದ್ದರು.